ಕೈ ನೋಡಿ ಕಟ್ಟುವ ಗಿಟಾರ್

ಮನೆಯಾಕೆಗೆ ತಿಳಿಯದಂತೆ ಬಳೆ ಮಾಡಿಸಬೇಕೆಂದವರು ಅಕ್ಕಸಾಲಿಗನ ಬಳಿಗೆ ಬರಿಗೈಯಲ್ಲಿ ಹೋಗುವುದಿಲ್ಲ. ಹಳೆಯ ಬಳೆಯೊಂದನ್ನು ಸದ್ದಿಲ್ಲದೆ ಎತ್ತಿಕೊಂಡು ಹೋಗುತ್ತಾರೆ. ಅಳತೆಗೆ ಅಷ್ಟು ಸಾಕು. ಆದರೆ ಗುಟ್ಟಾಗಿ ಮಾಡಿಸಬೇಕಾದದ್ದು ಬಳೆಯಲ್ಲ, ಗಿಟಾರ್ ಎಂದಾದರೆ ಕೆಲಸ ಅಷ್ಟು ಸುಲಭವಲ್ಲ. ಬಳೆಗೆ ಒಂದೇ ಅಳತೆ, ಗಿಟಾರಿಗೆ ಹತ್ತಾರು. ಅವುಗಳಲ್ಲಿ ಕೆಲವು ಟೇಪಿಗೆ ಸಿಗುವಂಥವೇ ಅಲ್ಲ.

ವರ್ಷಗಟ್ಟಲೆ ಅಗ್ಗದ ಗಿಟಾರಿನಲ್ಲೇ ಅಭ್ಯಾಸ ಮಾಡಿದ ಮಗನಿಗೋ ಮಗಳಿಗೋ, ಸಂಗಾತಿಗೋ, ನಿವೃತ್ತನಾಗುವ ಗೆಳೆಯನಿಗೋ ಕೈಕೆಲಸದ ಗಿಟಾರ್ ಮಾಡಿಸಿಕೊಟ್ಟು ಬೆರಗುಗೊಳಿಸಬೇಕೆಂಬ ಆಸೆ ಪಶ್ಚಿಮದ ದೇಶಗಳಲ್ಲಿ ಅಪರೂಪವಲ್ಲ. ನಮ್ಮಲ್ಲಿಯೂ ಮಗಳಿಗೆಂದು ವೀಣೆ ಮಾಡಿಸಿಕೊಟ್ಟ ತಂದೆಯರಿದ್ದಾರೆ. ಆಸೆ ದೊಡ್ಡದು, ಖರ್ಚೂ ದೊಡ್ಡದು. ಕಾರ್ಖಾನೆಯ ಗಿಟಾರ್ ಹಿಡಿಸದಿದ್ದರೆ ಅಂಗಡಿಗೆ ಹಿಂದಿರುಗಿಸಬಹುದು. ಒಬ್ಬರಿಗಾಗಿಯೇ ಕಟ್ಟಿದ ಗಿಟಾರನ್ನು ಹಾಗೆ ಹಿಂದಿರುಗಿಸುವಂತಿಲ್ಲ. ಕೊಟ್ಟವರ ಮನಸ್ಸು ನೋಯಬಾರದೆಂದು ಪಡೆದವರು ಮೆಚ್ಚಿದಂತೆ ನಟಿಸುತ್ತಾರೆ. ಗಿಟಾರ್ ಮಾತ್ರ ಗೋಡೆಯಲ್ಲಿ ತೂಗುತ್ತದೆ.

ಇಲ್ಲಿರುವ ತೊಡಕು ಇಷ್ಟೇ: ಕೈಯಿಂದ ಗಿಟಾರ್ ಮಾಡಿಸುವುದರ ಅರ್ಥವೇ ನುಡಿಸುವವರ ಕೈ ನೋಡಿ ಮಾಡಿಸುವುದು. ಅಚ್ಚರಿಯ ಉಡುಗೊರೆಯ ಅರ್ಥವೋ, ಆ ಕೈಗೆ ಸುಳಿವು ಕೊಡದಿರುವುದು. ಇವೆರಡೂ ಒಂದಕ್ಕೊಂದು ವಿರುದ್ಧ. ಗಿಟಾರಿನ ಇತಿಹಾಸದಲ್ಲಿ ಇದಕ್ಕೆ ಉತ್ತರವೂ ಇದೆ, ಎಚ್ಚರಿಕೆಯೂ ಇದೆ.

ಕೇಳಿ ಕೊಟ್ಟವರು

ಇಂದು ಶಾಸ್ತ್ರೀಯ ಗಿಟಾರ್ ಎಂದು ಕರೆಯುವ ವಾದ್ಯಕ್ಕೆ ಈಗಿನ ಆಕಾರ ಬಂದದ್ದು 19ನೆಯ ಶತಮಾನದ ಸ್ಪೇನ್‌ನಲ್ಲಿ. ಅದಕ್ಕೆ ಮುಖ್ಯ ಕಾರಣ ಆಂಟೋನಿಯೊ ದೆ ತೋರೆಸ್ (1817-1892). ಅಲ್ಮೆರಿಯಾ ಬಳಿಯಲ್ಲಿ ಹುಟ್ಟಿದ ಈತ ಮೂಲತಃ ಬಡಗಿ. ಗಿಟಾರಿನ ಒಡಲನ್ನು ಹಿಗ್ಗಿಸಿ, ಮೇಲ್ಹಲಗೆಯನ್ನು ತೆಳುಗೊಳಿಸಿ, ಅದರ ಒಳಬದಿಗೆ ಬೀಸಣಿಗೆಯಂತೆ ಹರಡಿದ ಸಣ್ಣ ಪಟ್ಟಿಗಳನ್ನು ಅಂಟಿಸುವ ಕ್ರಮವನ್ನು ನೆಲೆಗೊಳಿಸಿದವನು.

1869ರಲ್ಲಿ ಸೆವಿಲ್ಲಾ ನಗರದ ಈತನ ಕಾರ್ಯಾಗಾರಕ್ಕೆ ಹದಿಹರೆಯದ ವಾದಕನೊಬ್ಬ ಬಂದ. ಮುಂದೆ ಗಿಟಾರ್ ಸಂಗೀತದಲ್ಲಿ ದೊಡ್ಡ ಹೆಸರಾದ ಫ್ರಾನ್ಸಿಸ್ಕೊ ತಾರೆಗಾ. ಜತೆಯಲ್ಲಿ ಆತನ ಪೋಷಕರೊಬ್ಬರಿದ್ದರು. ತಾರೆಗಾನ ಶಿಷ್ಯ ಎಮಿಲಿಯೊ ಪುಜೋಲ್ ಹೇಳುವ ಪ್ರಕಾರ, ತೋರೆಸ್ ಮೊದಲು ಸಾಧಾರಣವಾದ ಒಂದು ಗಿಟಾರನ್ನು ಮುಂದಿಟ್ಟ. ಹುಡುಗ ನುಡಿಸುವುದನ್ನು ಕೇಳಿದ ಮೇಲೆ ಅದನ್ನು ಬದಿಗಿಟ್ಟು, ತನಗಾಗಿಯೇ 1864ರಲ್ಲಿ ಕಟ್ಟಿಕೊಂಡಿದ್ದ ಗಿಟಾರನ್ನು ಒಳಗಿನಿಂದ ತಂದುಕೊಟ್ಟ.

ಇಂಥದೇ ಇನ್ನೊಂದು ಪ್ರಸಂಗ 1912ರ ಮ್ಯಾಡ್ರಿಡ್‌ನದು. ಇನ್ನೂ ಹೆಸರು ಮಾಡದ ಆಂಡ್ರೆಸ್ ಸೆಗೋವಿಯಾ ಕಛೇರಿಯೊಂದಕ್ಕೆ ಒಳ್ಳೆಯ ಗಿಟಾರನ್ನು ಬಾಡಿಗೆಗೆ ಕೇಳಲು ಮಾನುಯೆಲ್ ರಾಮಿರೆಸ್‌ನ ಅಂಗಡಿಗೆ ಹೋದರು. ಪಿಯಾನೋ ಬಾಡಿಗೆಗೆ ಸಿಗುವಾಗ ಗಿಟಾರ್ ಏಕೆ ಸಿಗಬಾರದು ಎಂಬುದು ಅವರ ವಾದ. ಅಂಗಡಿಯವರಿಗೆ ಇದು ತಮಾಷೆಯಾಗಿ ಕಂಡಿತು. ನುಡಿಸಿ ತೋರಿಸಿದ ಮೇಲೆ ಮಾತು ಬದಲಾಯಿತು. ಹಣ ಬೇಡ, ಗಿಟಾರ್ ತೆಗೆದುಕೊಂಡು ಹೋಗು ಎಂದರು ರಾಮಿರೆಸ್. ಇದನ್ನು ಸೆಗೋವಿಯಾ ತಮ್ಮ ಆತ್ಮಕಥೆಯಲ್ಲಿ ವಿವರಿಸಿದ್ದಾರೆ. ಆ ಗಿಟಾರ್ ಮೊದಲು ಹಿಮೆನೆಸ್ ಮಾನ್‌ಹೋನ್ ಎಂಬ ಅಂಧ ವಾದಕನಿಗಾಗಿ ತಯಾರಾಗಿತ್ತು, ವ್ಯಾಪಾರ ಕುದುರದೆ ಅಂಗಡಿಯಲ್ಲೇ ಉಳಿದಿತ್ತು ಎನ್ನಲಾಗುತ್ತದೆ. ಸೆಗೋವಿಯಾ 1937ರವರೆಗೂ ಅದನ್ನೇ ನುಡಿಸಿದರು.

ಎರಡೂ ಅಚ್ಚರಿಯ ಉಡುಗೊರೆಗಳ ಕಥೆಗಳೇ. ಎರಡರಲ್ಲೂ ಗಮನಿಸಬೇಕಾದ ಸಂಗತಿ ಒಂದೇ: ಗಿಟಾರ್ ಕೈ ಬದಲಿಸಿದ್ದು ವಾದಕ ನುಡಿಸಿದ ಮೇಲೆ, ತಯಾರಿಸಿದವನು ಕೇಳಿದ ಮೇಲೆ.

ಕೇಳಿದ ಮಾತ್ರಕ್ಕೆ ಕೆಲಸ ಮುಗಿಯುವುದೂ ಇಲ್ಲ. 1924ರಲ್ಲಿ ಮ್ಯೂನಿಕ್‌ನ ಹರ್ಮನ್ ಹೌಸರ್ ಸೆಗೋವಿಯಾರ ವಾದನ ಕೇಳಿದರು. ಆ ರಾಮಿರೆಸ್ ಗಿಟಾರನ್ನು ಕೈಗೆತ್ತಿಕೊಂಡು ಪರಿಶೀಲಿಸಿ ಅಳತೆ ತೆಗೆದುಕೊಂಡರು. ಬಳಿಕ ಒಂದಾದ ಮೇಲೊಂದರಂತೆ ಗಿಟಾರ್ ಕಟ್ಟಿ ಸೆಗೋವಿಯಾರಿಗೆ ತೋರಿಸುತ್ತ ಹೋದರು. ಸೆಗೋವಿಯಾ ಒಪ್ಪಿ ತಮ್ಮದಾಗಿಸಿಕೊಂಡದ್ದು 1937ರ ಗಿಟಾರನ್ನು. ಒಬ್ಬ ವಾದಕ ಮತ್ತು ಒಬ್ಬ ಕುಶಲಕರ್ಮಿಯ ನಡುವೆ ಹೊಂದಾಣಿಕೆ ಬರಲು ಹದಿಮೂರು ವರ್ಷ ಹಿಡಿಯಿತು. 1912ರ ಮತ್ತು 1937ರ ಎರಡೂ ಗಿಟಾರುಗಳನ್ನು 1986ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ದಾನ ಮಾಡಲಾಯಿತು.

ಇದಕ್ಕೆ ಹೋಲಿಸಿ ನೋಡಬಹುದಾದ ಮತ್ತೊಂದು ಉಡುಗೊರೆಯಿದೆ. 1968ರಲ್ಲಿ ಅಮೆರಿಕದ ಫೆಂಡರ್ ಕಂಪನಿ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್‌ಗೆಂದು ರೋಸ್‌ವುಡ್ಡಿನ ಎಲೆಕ್ಟ್ರಿಕ್ ಗಿಟಾರೊಂದನ್ನು ಕೈಯಿಂದ ಮಾಡಿಸಿತು. ವಿಮಾನದಲ್ಲಿ ಅದಕ್ಕೆ ಪ್ರತ್ಯೇಕ ಸೀಟು ಕಾದಿರಿಸಿ ಇಂಗ್ಲೆಂಡಿಗೆ ಕಳುಹಿಸಲಾಯಿತು. 1969ರ ಜನವರಿ 30ರಂದು ಲಂಡನ್ನಿನ ಕಟ್ಟಡವೊಂದರ ತಾರಸಿಯ ಮೇಲೆ ಬೀಟಲ್ಸ್ ನಡೆಸಿದ ಪ್ರಸಿದ್ಧ ಕಛೇರಿಯಲ್ಲಿ ಹ್ಯಾರಿಸನ್ ನುಡಿಸಿದ್ದು ಇದನ್ನೇ. ಆದರೆ ಅದೇ ವರ್ಷ ಅವರು ಅದನ್ನು ಡೆಲೇನಿ ಬ್ರಾಮ್ಲೆಟ್ ಎಂಬ ಗಾಯಕ ಮಿತ್ರನಿಗೆ ಕೊಟ್ಟುಬಿಟ್ಟರು. 2003ರ ಹರಾಜಿನಲ್ಲಿ ನಾಲ್ಕು ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಹ್ಯಾರಿಸನ್ ಕುಟುಂಬದ ಪರವಾಗಿ ಅದನ್ನು ಕೊಳ್ಳಲಾಯಿತು. ಎಷ್ಟೇ ಅಪರೂಪದ ಗಿಟಾರ್ ಆದರೂ ವಾದಕನ ಕೈಯಲ್ಲೇ ಉಳಿದೀತೆಂಬ ಖಾತರಿಯಿಲ್ಲ.

ಏನೇನು ತಿಳಿದಿರಬೇಕು?

ಗಿಟಾರ್ ತಯಾರಕ ಕೇಳುವ ಮೊದಲ ಪ್ರಶ್ನೆ ಬೆಲೆಯದಲ್ಲ. ನುಡಿಸುವವರು ಯಾರು, ಏನು ನುಡಿಸುತ್ತಾರೆ ಎಂಬುದು. ನೈಲಾನ್ ತಂತಿಯ ಶಾಸ್ತ್ರೀಯ ಗಿಟಾರೋ, ಹಾಡಿಗೆ ಜತೆಯಾಗುವ ಉಕ್ಕಿನ ತಂತಿಯದೋ? ಇವೆರಡರ ಒಡಲು, ಒಳಗಿನ ಪಟ್ಟಿ, ಕತ್ತು ಎಲ್ಲವೂ ಬೇರೆ ಬೇರೆ. ತಂತಿಗಳು ತಲೆಯಿಂದ ಇಳಿಯುವ ಜಾಗದಲ್ಲಿ ಶಾಸ್ತ್ರೀಯ ಗಿಟಾರಿನ ಕತ್ತು ಸಾಮಾನ್ಯವಾಗಿ 52 ಮಿಲಿಮೀಟರ್ ಅಗಲ. ಉಕ್ಕಿನ ತಂತಿಯದರಲ್ಲಿ 43-45 ಮಿಲಿಮೀಟರ್. ಒಂದಕ್ಕೆ ಒಗ್ಗಿದ ಬೆರಳು ಇನ್ನೊಂದರ ಮೇಲೆ ತಡವರಿಸುತ್ತದೆ.

ಎರಡನೆಯದು ತಂತಿಯ ನುಡಿಯುವ ಉದ್ದ. ತೋರೆಸ್‌ನ ಕಾಲದಿಂದ ಬಳಕೆಗೆ ಬಂದ 650 ಮಿಲಿಮೀಟರ್ ಈಗ ಸಾಮಾನ್ಯ ಅಳತೆ. 1960ರ ದಶಕದಲ್ಲಿ ಮ್ಯಾಡ್ರಿಡ್‌ನ ಮೂರನೆಯ ಹೋಸೆ ರಾಮಿರೆಸ್ ದೊಡ್ಡ ಸಭಾಂಗಣಗಳಿಗೆಂದು 664 ಮಿಲಿಮೀಟರಿನ ಗಿಟಾರುಗಳನ್ನು ಮಾಡಿದರು. ಹದಿನಾಲ್ಕು ಮಿಲಿಮೀಟರ್ ಎಂದರೆ ಬೆರಳಿನ ಅಗಲವೂ ಅಲ್ಲ. ಆದರೂ ವೀಣೆಯ ಮೆಟ್ಟಿಲುಗಳಂತೆ ಗಿಟಾರಿನಲ್ಲಿ ಸಾಲಾಗಿರುವ ಫ್ರೆಟ್‌ಗಳ ನಡುವಿನ ಅಂತರ ಇದರಿಂದ ಹಿಗ್ಗುತ್ತದೆ. ತಂತಿಯ ಬಿಗಿಯೂ ಹೆಚ್ಚುತ್ತದೆ. ಚಿಕ್ಕ ಕೈಯವರಿಗೆ ಇದೇ ನೋವಿಗೆ ಕಾರಣವಾಗಬಹುದು. ಅವರಿಗೆಂದೇ 640, 630 ಮಿಲಿಮೀಟರಿನ ಗಿಟಾರುಗಳನ್ನೂ ಮಾಡುವುದುಂಟು. ನುಡಿಸುವವರು ಎಡಗೈಯವರೇ ಎಂಬುದನ್ನಂತೂ ಮೊದಲೇ ಹೇಳಿರಬೇಕು.

ಇವನ್ನೆಲ್ಲ ಕೇಳದೆಯೇ ತಿಳಿಯುವುದು ಹೇಗೆ? ಹಳೆಯ ಬಳೆಯ ಉಪಾಯ ಇಲ್ಲಿಯೂ ನಡೆಯುತ್ತದೆ. ವಾದಕನ ಹಳೆಯ ಗಿಟಾರನ್ನು ತಂತಿ ಬದಲಿಸುವ ನೆಪದಲ್ಲಿ ಒಂದು ದಿನ ಒಯ್ದರೆ ತಯಾರಕನಿಗೆ ಅದೇ ಜಾತಕ. ಅಗಲ, ಉದ್ದ, ಕತ್ತಿನ ದಪ್ಪ ಅಳೆದರೆ ಸಿಗುತ್ತವೆ. ಅಳೆಯಲಾಗದ ಕೆಲವನ್ನು ಸವೆತ ಹೇಳುತ್ತದೆ. ಯಾವ ಫ್ರೆಟ್‌ಗಳು ಸವೆದಿವೆ ಎಂಬುದರಿಂದ ಎಡಗೈ ಹೆಚ್ಚಾಗಿ ಎಲ್ಲಿ ಓಡಾಡುತ್ತದೆಂದು ಗೊತ್ತಾಗುತ್ತದೆ. ಮೇಲ್ಹಲಗೆಯ ಉಗುರು ಗೀರುಗಳು ಬಲಗೈಯ ರಭಸವನ್ನು ತಿಳಿಸುತ್ತವೆ. ವಾದನದ ಧ್ವನಿಮುದ್ರಿಕೆಯೊಂದು ಸಿಕ್ಕರೆ ಇನ್ನೂ ಒಳ್ಳೆಯದು. ಕಲಿಸುವ ಗುರುಗಳನ್ನು ಗುಟ್ಟಿನೊಳಗೆ ಸೇರಿಸಿಕೊಳ್ಳುವುದು ಎಲ್ಲಕ್ಕಿಂತ ಉತ್ತಮ. ಶಿಷ್ಯನ ಕೈಯ ಗುಣದೋಷ ಅವರಷ್ಟು ಬಲ್ಲವರು ಬೇರೆ ಇರಲಾರರು.

ಕೆಲಸ ಸಾಗುವ ಬಗೆ

ಒಬ್ಬನೇ ಕುಳಿತು ಕೆಲಸ ಮಾಡುವ ತಯಾರಕನಿಂದ ವರ್ಷಕ್ಕೆ ಹೊರಬರುವ ಗಿಟಾರುಗಳು ಕೆಲವೇ. ಹೆಸರಾದವರ ಬಳಿ ಸರದಿಗಾಗಿ ವರ್ಷಗಟ್ಟಲೆ ಕಾಯಬೇಕಾಗುತ್ತದೆ. ಮುಂದಿನ ತಿಂಗಳ ಹುಟ್ಟುಹಬ್ಬಕ್ಕೆ ಬೇಕು ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ.

ಮೇಲ್ಹಲಗೆಗೆ ಬಳಸುವುದು ಸ್ಪ್ರೂಸ್ ಅಥವಾ ಸೀಡರ್ ಎಂಬ ಹಗುರ ಮರ. ಒಂದೇ ತುಂಡನ್ನು ಪುಸ್ತಕ ತೆರೆದಂತೆ ಎರಡಾಗಿ ಸೀಳಿ, ಎಳೆಗಳು ಸರಿಹೊಂದುವಂತೆ ಜೋಡಿಸಿ, ಎರಡು-ಮೂರು ಮಿಲಿಮೀಟರ್ ದಪ್ಪಕ್ಕೆ ಹೆರೆಯುತ್ತಾರೆ. ಹೆರೆಯುವಾಗ ಬೆರಳಿನಿಂದ ತಟ್ಟಿ ಕಿವಿಗೊಡುತ್ತಾರೆ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಹೇಳುವುದು ಅಳತೆಪಟ್ಟಿಗಿಂತ ಹೆಚ್ಚಾಗಿ ಆ ಸದ್ದು ಮತ್ತು ಹಲಗೆ ಬಾಗುವ ರೀತಿ. ಪಕ್ಕೆಯ ತೆಳು ಹಲಗೆಗಳನ್ನು ನೀರಿನಿಂದ ತೇವಗೊಳಿಸಿ, ಕಾದ ಕಬ್ಬಿಣದ ಕೊಳವೆಗೆ ಒತ್ತಿ ಬಳುಕಿಸುತ್ತಾರೆ. ಆತುರಪಟ್ಟರೆ ಹಲಗೆ ಮುರಿಯುತ್ತದೆ. ಕೊನೆಗೆ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ಪದರ ಪದರವಾಗಿ ಉಜ್ಜುವ ಫ್ರೆಂಚ್ ಪಾಲಿಷ್. ಚನ್ನಪಟ್ಟಣದ ಗೊಂಬೆಗಳಿಗೆ ಮೆರುಗು ಕೊಡುವ ಅರಗೇ ಸ್ಪೇನ್‌ನ ಗಿಟಾರಿಗೂ ಮೆರುಗು ಕೊಡುತ್ತದೆ.

ಉಡುಗೊರೆ ಕೊಡುವವರು ದುಬಾರಿ ಮರ, ಮುತ್ತಿನ ಚಿಪ್ಪಿನ ಕೆತ್ತನೆ ಎಂದು ಹಣ ಸುರಿಯುವುದುಂಟು. ಕಣ್ಣಿಗೆ ಅದು ಚೆನ್ನ. ಆದರೆ ನಾದದ ಮೂಲ ಮೇಲ್ಹಲಗೆಯೇ ಎಂದು ತೋರಿಸಲು ತೋರೆಸ್ 1862ರಲ್ಲಿ ಒಂದು ಗಿಟಾರ್ ಮಾಡಿದ. ಅದರ ಮೇಲ್ಹಲಗೆ ಮರದ್ದು. ಬೆನ್ನು, ಪಕ್ಕೆಗಳು ಕಾಗದದ ರಟ್ಟಿನವು! ಅದು ಇಂದಿಗೂ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ.

ಬೀಟೆಯ ನಂಟು

ಬೆನ್ನು, ಪಕ್ಕೆಗಳಿಗೆ ಹಿಂದಿನಿಂದ ಮೊದಲ ಆಯ್ಕೆ ಬ್ರೆಜಿಲ್‌ನ ರೋಸ್‌ವುಡ್. 1960ರ ದಶಕದ ಕೊನೆಯಲ್ಲಿ ಅದರ ದಿಮ್ಮಿಗಳ ರಫ್ತಿಗೆ ಬ್ರೆಜಿಲ್ ತಡೆ ಹಾಕಿತು. ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ರೋಸ್‌ವುಡ್ಡಿಗೆ ತಿರುಗಿತು. ಇತರರೂ ಅದೇ ಹಾದಿ ಹಿಡಿದರು. ಈ ಭಾರತೀಯ ರೋಸ್‌ವುಡ್ ಬೇರೇನೂ ಅಲ್ಲ, ನಮ್ಮ ಬೀಟೆ. ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡದ ಕಾಡುಗಳಲ್ಲಿ ಬೆಳೆಯುವ ಮರ. ಮೈಸೂರಿನ ಕುಸುರಿ ಕೆಲಸದ ಆಸರೆ. ದಿಮ್ಮಿಯಾಗಿ ಇದನ್ನು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ಗಿಟಾರಿನ ಅಳತೆಗೆ ಕೊಯ್ದ ಹಲಗೆಗಳಾಗಿ ಅದು ಸ್ಪೇನ್, ಅಮೆರಿಕಗಳನ್ನು ಸೇರುತ್ತದೆ.

ಬೀಟೆ ಬೆಳೆಯುವುದು ನಿಧಾನ, ಕಡಿಯುವವರು ಬಹಳ. ಹೀಗಾಗಿ ಅದೂ ಅಪಾಯದಲ್ಲಿರುವ ಮರಗಳ ಪಟ್ಟಿ ಸೇರಿದೆ. ವನ್ಯಜೀವಿ ಮತ್ತು ಸಸ್ಯಗಳ ವ್ಯಾಪಾರಕ್ಕೆ ಸಂಬಂಧಿಸಿದ ಅಂತರರಾಷ್ಟ್ರೀಯ ಒಪ್ಪಂದವಾದ ‘ಸೈಟಿಸ್’ ಬ್ರೆಜಿಲ್‌ನ ರೋಸ್‌ವುಡ್ಡನ್ನು 1992ರಲ್ಲಿ ಅತ್ಯಂತ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿತು. 2017ರ ಜನವರಿಯಲ್ಲಿ ಬೀಟೆಯೂ ಸೇರಿದಂತೆ ಆ ಕುಲದ ಉಳಿದ ಮರಗಳ ವ್ಯಾಪಾರವೂ ನಿಯಂತ್ರಣಕ್ಕೆ ಒಳಪಟ್ಟಿತು. ಇದರಿಂದ ವಾದ್ಯ ತಯಾರಕರು ಪೇಚಿಗೆ ಸಿಲುಕಿದರು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಬ್ರೆಜಿಲ್ ಮರದ ಗಿಟಾರುಗಳಿಗೆ ಆ ವಿನಾಯಿತಿ ಇಲ್ಲ. ಗಡಿ ದಾಟಿ ಬರಬೇಕಾದ ಉಡುಗೊರೆಯಾದರೆ ಮರದ ಹೆಸರು, ಅದು ಬಂದ ಮೂಲ ಇವನ್ನು ತಯಾರಕನಿಂದ ಬರೆಸಿಕೊಳ್ಳುವುದು ಕ್ಷೇಮ. ಮೇಪಲ್, ವಾಲ್‌ನಟ್ ಮುಂತಾದ ಮರಗಳಲ್ಲೂ ಒಳ್ಳೆಯ ಗಿಟಾರ್ ಆಗುತ್ತದೆ. ತೋರೆಸ್ ತಾರೆಗಾನಿಗೆ ಕೊಟ್ಟ ಗಿಟಾರಿನ ಬೆನ್ನೂ ಮೇಪಲ್‌ನದೇ.

ಊರಿನ ಹವೆಯನ್ನೂ ತಯಾರಕನಿಗೆ ತಿಳಿಸಬೇಕು. ಮರ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಉಬ್ಬುವ ಮೇಲ್ಹಲಗೆ ಬಳ್ಳಾರಿಯ ಬೇಸಗೆಯಲ್ಲಿ ಬಿರುಕು ಬಿಡಬಹುದು.

ಗುಟ್ಟು ಎಲ್ಲಿಯವರೆಗೆ?

ಅಳತೆ, ಮರ, ಹವೆ ಎಲ್ಲ ಸರಿಹೋದರೂ ಒಂದು ಉಳಿಯುತ್ತದೆ. ಕತ್ತಿನ ಹಿಂಬದಿಯ ಉರುಟು ಹೆಬ್ಬೆರಳಿಗೆ ಹಿತವೇ? ತಂತಿ ಎಷ್ಟು ಎತ್ತರದಲ್ಲಿದ್ದರೆ ಚೆನ್ನ? ಇದಕ್ಕೆ ಉತ್ತರ ಆ ಕೈಗೇ ಗೊತ್ತು. ಸಮಾಧಾನದ ಸಂಗತಿಯೆಂದರೆ ಇವು ಕೊನೆಯ ಹಂತದ ಕೆಲಸಗಳು. ಒಡಲು ಸಿದ್ಧವಾಗಿ, ಫ್ರೆಟ್‌ಗಳನ್ನು ಕೂರಿಸುವ ಹಲಗೆ ಅಂಟಿದ ಮೇಲೆಯೇ ಕತ್ತಿಗೆ ಕೊನೆಯ ರೂಪ ಕೊಡುವುದು ಸಾಮಾನ್ಯ. ಆದ್ದರಿಂದ ಗುಟ್ಟನ್ನು ಅಲ್ಲಿಯವರೆಗೆ ಕಾಯ್ದು, ಹುಟ್ಟುಹಬ್ಬದ ದಿನ ವಾದಕನನ್ನು ಕಾರ್ಯಾಗಾರಕ್ಕೇ ಕರೆದೊಯ್ದರೆ ಏನೂ ಕೆಡುವುದಿಲ್ಲ. ಅರೆ ಮುಗಿದ ಗಿಟಾರ್ ಕಂಡು ಆಗುವ ಬೆರಗು ಕಡಿಮೆಯದೇನಲ್ಲ. ಉಳಿದ ಕೆಲಸವನ್ನು ತಯಾರಕ ಆ ಕೈ ಹಿಡಿದು ನೋಡಿ, ಆ ಕೈ ನುಡಿಸುವುದನ್ನು ಕೇಳಿ ಮುಗಿಸುತ್ತಾನೆ. ದೂರದ ಊರಾದರೆ ಗಿಟಾರ್ ತಲುಪಿದ ಮೇಲೆ ಕುದುರೆಯನ್ನೂ ತಂತಿಯ ಎತ್ತರವನ್ನೂ ಸರಿಪಡಿಸಿಕೊಡುವ ಮಾತನ್ನು ಮೊದಲೇ ಆಡಿರಬೇಕು.

ಹೀಗೆ ಮಾಡಿದರೆ ಅಚ್ಚರಿಯ ಒಂದು ಪಾಲು ಕಳೆದುಹೋಯಿತು ಎಂದು ಕೊಡುವವರಿಗೆ ಅನ್ನಿಸಬಹುದು. ಆದರೆ ಪಡೆಯುವವರನ್ನು ನಿಜವಾಗಿ ತಟ್ಟುವುದು ಪೆಟ್ಟಿಗೆ ತೆರೆಯುವ ಆ ಒಂದು ಕ್ಷಣವಲ್ಲ. ತಮ್ಮ ಬೆರಳು ಎಷ್ಟು ಚಾಚುತ್ತದೆ, ಯಾವ ರಾಗಕ್ಕೆ ಮತ್ತೆ ಮತ್ತೆ ಮರಳುತ್ತದೆ ಎಂಬುದನ್ನು ಮನೆಯವರು ಇಷ್ಟು ದಿನ ಗಮನಿಸುತ್ತಿದ್ದರು ಎಂಬ ಅರಿವು. ತೋರೆಸ್, ರಾಮಿರೆಸ್ ಆ ಹುಡುಗರಿಗೆ ಕೊಟ್ಟದ್ದರಲ್ಲಿ ಗಿಟಾರಿನ ಜತೆಗೆ ಇದೂ ಸೇರಿತ್ತು.