ಮಾಳಿಗೆಯ ಮೇಲಿನ ಸವಳು ಮಣ್ಣು

ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲ್ಲೂಕಿನ ಐಹೊಳೆಗೆ ಹೋದವರು ಅಲ್ಲಿನ ಲಾಡ್‌ಖಾನ್ ಗುಡಿಯ ಮುಂದೆ ಒಂದು ಗಳಿಗೆ ನಿಲ್ಲದೆ ಬರುವುದಿಲ್ಲ. ಚಾಲುಕ್ಯರ ಕಾಲದ ಗುಡಿಗೆ ಈ ಹೆಸರು ಹೇಗೆ ಬಂದಿತು? ಒಂದು ಕಾಲದಲ್ಲಿ ಲಾಡ್‌ಖಾನ್ ಎಂಬಾತನು ಅದನ್ನೇ ಮನೆಮಾಡಿಕೊಂಡು ವಾಸಿಸುತ್ತಿದ್ದನಂತೆ. ಮನೆಯೊಡೆಯನ ಹೆಸರೇ ಗುಡಿಗೆ ನಿಂತಿತು. ಅದರ ಸೂರನ್ನು ದಿಟ್ಟಿಸಿ ನೋಡಿದರೆ ಇನ್ನೊಂದು ಸೋಜಿಗ ಕಾಣುತ್ತದೆ. ಇಳಿಜಾರಾಗಿ ಹಾಸಿದ ಕಲ್ಲುಚಪ್ಪಡಿಗಳ ಸಂದುಗಳ ಮೇಲೆ, ಮರದ ತುಂಡುಗಳನ್ನು ಹೋಲುವ ನೀಳವಾದ ಕಲ್ಲುಪಟ್ಟಿಗಳನ್ನು ಕೂಡಿಸಿದ್ದಾರೆ. ಸಂದಿನಲ್ಲಿ ಮಳೆನೀರು ಇಳಿಯದಿರಲೆಂದು ಮಾಡಿದ ಉಪಾಯವಿದು. ಆದರೆ ಇದರ ರೂಪ ಮಾತ್ರ ಬಡಗಿಯದು. ಮರದಲ್ಲಿ ಕಟ್ಟುವುದನ್ನು ಬಲ್ಲ ಕೈಗಳೇ ಮುಂದೆ ಕಲ್ಲನ್ನು ಹಿಡಿದುವೆಂದು ವಿದ್ವಾಂಸರು ಹೇಳುತ್ತಾರೆ.

ಕಲ್ಲಿನ ಗುಡಿ ಉಳಿಯಿತು. ಅದಕ್ಕೆ ಮಾದರಿಯಾದ ಮರದ ಕಟ್ಟಡಗಳು ಅಳಿದುವು. ಆದರೆ ಮರ ಮಣ್ಣುಗಳಿಂದ ಸೂರು ಕಟ್ಟುವ ವಿದ್ಯೆ ಅಳಿಯಲಿಲ್ಲ. ಬಾದಾಮಿ, ಹುನಗುಂದ, ಇಳಕಲ್ಲುಗಳ ಸುತ್ತಿನ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆಯ ಮನೆಗಳು ಇಂದಿಗೂ ಇವೆ. ಈ ಸೀಮೆಯಲ್ಲಿ ಮಾಳಿಗೆಯೆಂದರೆ ಮೇಲಂತಸ್ತಲ್ಲ, ಮನೆಯ ಚಪ್ಪಟೆ ಸೂರು ಎಂಬುದನ್ನು ದಕ್ಷಿಣದ ಓದುಗರು ನೆನಪಿಡಬೇಕು. ಇಂಥ ಮನೆಯೊಂದನ್ನು ನಾವು ಜೀರ್ಣೋದ್ಧಾರ ಮಾಡಿ, ಅದರಲ್ಲಿ ವಾಸಿಸಲು ಹೊರಟಿದ್ದೇವೆಂದು ಭಾವಿಸೋಣ. ಆಗ ನಮಗೆ ಮೊದಲು ಬೇಕಾಗುವುದು ಹಣವಲ್ಲ. ಮಾಳಿಗೆ ಹೇಗೆ ಕೆಲಸ ಮಾಡುತ್ತದೆಂಬ ತಿಳಿವಳಿಕೆ.

ಮಲೆನಾಡಿನವರು ಹುಲ್ಲು ಹೊದಿಸಿ ಸೂರನ್ನು ಕಡಿದಾದ ಇಳಿಜಾರಿನಲ್ಲಿ ಕಟ್ಟುತ್ತಿದ್ದರು. ಹುಲ್ಲಿನ ಎಳೆಯಿಂದ ಎಳೆಗೆ ಜಾರುತ್ತ ನೀರು ಕೆಳಗಿಳಿದುಬಿಡುತ್ತದೆ. ಒಳಗೆ ತೊಟ್ಟಿಕ್ಕಲು ಅದಕ್ಕೆ ಪುರಸತ್ತೇ ಇರುವುದಿಲ್ಲ. ಬಾಗಲಕೋಟೆಯ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 500ರಿಂದ 600 ಮಿಲಿಮೀಟರು ಮಾತ್ರ. ಇಲ್ಲಿ ಹುಲ್ಲು ವಿರಳ. ಇದ್ದ ಜೋಳದ ಕಣಿಕೆ ದನಗಳ ಗೋದಲಿಗೇ ಬೇಕು. ಬೇಸಗೆಯ ಬಿಸಿಲಾದರೋ 40 ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟುತ್ತದೆ. ಆದುದರಿಂದ ಈ ನಾಡಿನವರು ಹುಲ್ಲನ್ನು ಬಿಟ್ಟು ಮಣ್ಣನ್ನು ಆರಿಸಿಕೊಂಡರು. ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಒತ್ತಾಗಿ ಜಂತಿ, ಜಂತಿಗಳ ಮೇಲೆ ಸಣ್ಣ ಕಟ್ಟಿಗೆ ಅಥವಾ ಕಲ್ಲಿನ ಹಾಸು, ಅದರ ಮೇಲೆ ಸೊಪ್ಪಿನ ಹೊದಿಕೆ, ಎಲ್ಲದರ ಮೇಲೆ ಒಂದಡಿಯಷ್ಟು ದಪ್ಪನಾದ ಮಣ್ಣು. ಗೋಡೆಗೆ ಬಾದಾಮಿಯ ಕಡೆ ಕೆಂಪು ಮರಳುಗಲ್ಲು ಸಿಕ್ಕುತ್ತದೆ. ಇಳಕಲ್ಲಿನ ಕಡೆ ಗ್ರಾನೈಟು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮಣ್ಣು ನೀರನ್ನು ಕುಡಿಯುತ್ತದೆಯಷ್ಟೆ? ಹಾಗಾದರೆ ಚಪ್ಪಟೆಯಾದ ಮಣ್ಣಿನ ಸೂರು ಸೋರದಿರುವುದು ಹೇಗೆ?

ಉತ್ತರವು ಮಣ್ಣಿನ ಆಯ್ಕೆಯಲ್ಲಿದೆ. ಹುನಗುಂದದ ಹೊಲಗಳ ಎರೆಮಣ್ಣು ಜೋಳಕ್ಕೆ ಬಲು ಒಳ್ಳೆಯದು. ಮಾಳಿಗೆಗೆ ಮಾತ್ರ ಸಲ್ಲದು. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ ನೀರು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಗೆಯಲ್ಲಿ ಎರೆಹೊಲದ ಬಿರುಕಿನಲ್ಲಿ ಕೈ ಇಳಿಸಿ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮಾಳಿಗೆಗೆ ಬೇಕಾದುದು ಸವಳು ಮಣ್ಣು: ಬೆಳೆ ಬಾರದ, ಬಿಳಿಚಿಕೊಂಡ, ಮಳೆಯ ನೀರು ಇಂಗದೆ ನಿಲ್ಲುವ ಬಂಜರು ನೆಲದ ಮಣ್ಣು. ರೈತನು ಶಪಿಸುವ ಮಣ್ಣನ್ನೇ ಮನೆಗಾರನು ಬುಟ್ಟಿ ತುಂಬಿ ತರುತ್ತಾನೆ.

ಇದರ ಗುಟ್ಟನ್ನು ರಸಾಯನಶಾಸ್ತ್ರ ಬಿಡಿಸಿಹೇಳುತ್ತದೆ. ಜೇಡಿಯ ಕಣಗಳು ಅತಿ ತೆಳುವಾದ ಹಾಳೆಗಳಂತಿದ್ದು, ಅವುಗಳ ಮೈಮೇಲೆ ಋಣ ವಿದ್ಯುದಂಶ ಇರುತ್ತದೆ. ಧನ ಅಯಾನುಗಳು ಬಂದು ಅದಕ್ಕೆ ಅಂಟಿಕೊಳ್ಳುತ್ತವೆ. ಒಳ್ಳೆಯ ಹೊಲದಲ್ಲಿ ಈ ಅಯಾನುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಮ್ಮಿನವು. ಎರಡು ವಿದ್ಯುದಂಶಗಳುಳ್ಳ ಕ್ಯಾಲ್ಸಿಯಂ ಹಾಳೆಗಳನ್ನು ಹತ್ತಿರಕ್ಕೆ ಎಳೆದು ಹಿಡಿಯುತ್ತದೆ. ಕಣಗಳು ಗುಂಪುಗೂಡಿ ಹರಳಾಗುತ್ತವೆ. ಹರಳುಗಳ ನಡುವಿನ ತೆರಪಿನಲ್ಲಿ ನೀರು, ಗಾಳಿ, ಬೇರು ಇಳಿಯುತ್ತವೆ. ಸವಳಿನಲ್ಲಿ ಸೋಡಿಯಮ್ಮಿನ ಪಾಲು ಹೆಚ್ಚು. ಅದರ ಅಯಾನಿಗೆ ಒಂದೇ ವಿದ್ಯುದಂಶ, ಹಿಡಿತ ಸಡಿಲ. ಮಳೆಯ ಸಿಹಿನೀರು ಬಿದ್ದೊಡನೆ ಹಾಳೆಗಳು ಒಂದನ್ನೊಂದು ತೊರೆದು ಚೆದುರುತ್ತವೆ. ಚೆದುರಿದ ಕಣಗಳು ನೀರಿನೊಡನೆ ತುಸು ಕೆಳಗಿಳಿದು, ತೆರಪಿನ ಬಾಯಿಗಳಲ್ಲಿ ಸಿಕ್ಕಿಕೊಂಡು, ಅವನ್ನು ಮುಚ್ಚಿಬಿಡುತ್ತವೆ. ಮೇಲಿನ ಕೆಲವೇ ಮಿಲಿಮೀಟರಿನಷ್ಟು ಮಣ್ಣು ಮೊಹರು ಹಾಕಿದಂತಾಗಿ, ಉಳಿದ ಮಳೆ ದೋಣಿಯ ಕಡೆಗೆ ಹರಿದುಹೋಗುತ್ತದೆ. ಮಳೆಯೇ ಮಳೆಗೆ ಬಾಗಿಲು ಹಾಕಿತು!

ಈ ಸೋಜಿಗವನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ಎರಡು ಗಾಜಿನ ಲೋಟಗಳಲ್ಲಿ ಮಳೆನೀರನ್ನಾಗಲಿ ಬಟ್ಟಿಯಿಳಿಸಿದ ನೀರನ್ನಾಗಲಿ ತುಂಬಿರಿ. ಕೊಳವೆಬಾವಿಯ ನೀರು ಬೇಡ. ಅದರಲ್ಲಿ ಕರಗಿರುವ ಲವಣಗಳು ಪ್ರಯೋಗವನ್ನು ಕೆಡಿಸುತ್ತವೆ. ಒಂದರಲ್ಲಿ ಒಳ್ಳೆಯ ಹೊಲದ, ಇನ್ನೊಂದರಲ್ಲಿ ಸವಳಿನ, ಬಟಾಣಿ ಗಾತ್ರದ ಒಣ ಹೆಂಟೆಯೊಂದನ್ನು ಮೆಲ್ಲಗೆ ಇಳಿಬಿಡಿರಿ, ಕಲಕಬೇಡಿರಿ. ಒಂದೆರಡು ಗಂಟೆಗಳಲ್ಲಿ ಸವಳಿನ ಹೆಂಟೆಯ ಸುತ್ತ ಹಾಲಿನಂಥ ಮಬ್ಬು ಹರಡುತ್ತದೆ. ಹೊಲದ ಹೆಂಟೆ ಪುಡಿಯಾಗಬಹುದು. ನೀರು ಮಾತ್ರ ತಿಳಿಯಾಗಿಯೇ ಉಳಿಯುತ್ತದೆ. ಆಸ್ಟ್ರೇಲಿಯದ ವಿಜ್ಞಾನಿ ಎಮರ್ಸನ್ 1967ರಲ್ಲಿ ಇಂಥ ಪರೀಕ್ಷೆಯ ಆಧಾರದ ಮೇಲೆಯೇ ಮಣ್ಣುಗಳನ್ನು ವಿಂಗಡಿಸಿದನು. ಈಗ ಮಬ್ಬಾದ ಲೋಟಕ್ಕೆ ಚಿಟಿಕೆ ಜಿಪ್ಸಂ ಹಾಕಿ ಕಲಕಿ, ಬಿಟ್ಟುಬಿಡಿರಿ. ಕಣಗಳು ಮತ್ತೆ ಗುಂಪುಗೂಡಿ ತಳ ಸೇರುತ್ತವೆ. ಜಿಪ್ಸಂ ಎಂದರೆ ಕ್ಯಾಲ್ಸಿಯಂ ಸಲ್ಫೇಟು ತಾನೆ? ಸವಳು ಹೊಲವನ್ನು ಸುಧಾರಿಸಲು ರೈತರು ಜಿಪ್ಸಂ ಹಾಕಿ ನೀರು ಹಾಯಿಸುವುದೂ ಇದೇ ಕಾರಣದಿಂದ. ಹೊಲಕ್ಕೆ ಔಷಧವಾದ ಈ ಜಿಪ್ಸಂ ಮಾಳಿಗೆಗೆ ಬಿದ್ದರೆ ವಿಷವೆನ್ನಬೇಕು.

ಈ ಜಾಣ್ಮೆ ನಮ್ಮೊಬ್ಬರದೇ ಅಲ್ಲ. ಟರ್ಕಿ ದೇಶದ ಅನತೋಲಿಯದ ಹಳ್ಳಿಗರು ತಮ್ಮ ಚಪ್ಪಟೆ ಸೂರುಗಳ ಮೇಲೆ ಹಾಸುವ ಮಣ್ಣಿಗೆ ‘ಚೋರಾಕ್’ ಎನ್ನುತ್ತಾರೆ. ಆ ಮಾತಿನ ಅರ್ಥವೂ ಬಂಜರು ಎಂದೇ! ಒಬ್ಬರನ್ನೊಬ್ಬರು ಕಾಣದ ಎರಡು ನಾಡುಗಳ ಮನೆಗಾರರು ಒಂದೇ ಉತ್ತರವನ್ನು ಕಂಡುಕೊಂಡರು.

ಇನ್ನು ಬಿಸಿಲಿನ ವಿಚಾರ. ಸೂರಿನ ಮೇಲೆ ಬಿದ್ದ ಉಷ್ಣವು ಒಮ್ಮೆಲೇ ಒಳಗೆ ಬರುವುದಿಲ್ಲ. ಅಲೆಯಂತೆ ನಿಧಾನವಾಗಿ ಇಳಿಯುತ್ತದೆ, ಇಳಿಯುತ್ತ ಇಳಿಯುತ್ತ ಸೊರಗುತ್ತದೆ. ಒಣಮಣ್ಣಿನ ಗುಣವನ್ನು ಹಿಡಿದು ಲೆಕ್ಕ ಹಾಕಿದರೆ, 30 ಸೆಂಟಿಮೀಟರು ದಪ್ಪದ ಮಣ್ಣನ್ನು ದಾಟಲು ಈ ಅಲೆಗೆ ಹತ್ತಿರ ಹತ್ತಿರ 10 ಗಂಟೆಗಳು ಬೇಕು; ಅಷ್ಟರಲ್ಲಿ ಅದರ ಏರಿಳಿತ ಹತ್ತನೆಯ ಒಂದು ಪಾಲಿಗೂ ಕಡಮೆಯಾಗಿರುತ್ತದೆ. 12 ಸೆಂಟಿಮೀಟರಿನ ಕಾಂಕ್ರೀಟನ್ನು ದಾಟಲು ಸುಮಾರು 3 ಗಂಟೆ ಸಾಕು; ಏರಿಳಿತವೂ ಅರ್ಧದ ಸಮೀಪ ಉಳಿದಿರುತ್ತದೆ. ಎಂದರೆ, ನಡುಹಗಲಿನ ಬಿಸಿಲು ಕಾಂಕ್ರೀಟಿನ ಮನೆಯನ್ನು ಸಂಜೆಗೇ ಕಾಯಿಸುತ್ತದೆ. ಮಾಳಿಗೆಯ ಮನೆಯನ್ನು ಅದು ತಲಪುವುದು ಅಪರಾತ್ರಿಯಲ್ಲಿ, ಬಡಕಲಾಗಿ. ಆ ಹೊತ್ತಿಗೆ ಮನೆಮಂದಿ ಮಾಳಿಗೆಯ ಮೇಲೆ ಚಾಪೆ ಹಾಸಿ ತಂಗಾಳಿಯಲ್ಲಿ ಮಲಗಿರುತ್ತಾರೆ! ಸೂರಿನಲ್ಲಿಟ್ಟ ಬೆಳಕಿಂಡಿ ಹಗಲಿಗೆ ದೀಪ, ಇರುಳಿಗೆ ಬಿಸಿಗಾಳಿಯ ಹೊರದಾರಿ. ಇಳಕಲ್ಲಿನ ನೇಕಾರರಿಗೂ ಇಂಥ ಮನೆ ಒಗ್ಗಿತ್ತು. ಒಣಹವೆಯಲ್ಲಿ ನೂಲು ಬಿರುಸಾಗಿ ಹರಿಯುತ್ತದೆ. ನೆಲದಲ್ಲಿ ತಗ್ಗು ತೋಡಿ ಹೂಡಿದ ಕುಣಿಮಗ್ಗಕ್ಕೆ ಮಣ್ಣಿನ ಮನೆಯ ತಂಪು ಅನುಕೂಲವಾದದ್ದು.

ಇಷ್ಟು ಗುಣಗಳಿದ್ದರೂ ಮಾಳಿಗೆ ಜನರನ್ನು ಕೊಂದದ್ದೂ ಉಂಟು. 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಮೊದಲ ದಿನಗಳ ಮಹಾಮಳೆಯಲ್ಲಿ ಉತ್ತರ ಕರ್ನಾಟಕದ ಅಸಂಖ್ಯ ಮನೆಗಳು ಕುಸಿದುವು. ಆ ನೆರೆಮಳೆಗಳಿಗೆ ಸಿಕ್ಕಿ ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಮಾಳಿಗೆ ಏಕೆ ಕುಸಿಯುತ್ತದೆ? ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯನ್ನು ತೆಗೆದುಕೊಳ್ಳೋಣ. ಅದರ ಮೇಲಿನ ಒಂದಡಿ ಮಣ್ಣಿನ ತೂಕ ನಾಲ್ಕೂವರೆ ಟನ್ನಿಗೂ ಮೇಲು; ಒಂದು ದೊಡ್ಡ ಗಂಡಾನೆ ಜಂತಿಗಳ ಮೇಲೆ ನಿಂತಂತೆ. ಪ್ರತಿ ವರ್ಷ ಹಳೆಯ ಮಣ್ಣನ್ನು ಕೆರೆಯದೆ ಎರಡು ಸೆಂಟಿಮೀಟರು ಹೊಸಮಣ್ಣು ಹಾಕುತ್ತ ಹೋದರೆ, ಹತ್ತು ವರ್ಷಗಳಲ್ಲಿ ಮತ್ತೆ ಮೂರು ಟನ್ನು ಏರುತ್ತದೆ. ದೋಣಿ ಕಟ್ಟಿಕೊಂಡ ದಿನ 50 ಮಿಲಿಮೀಟರು ಮಳೆ ಬಿದ್ದರೆ, ಆ ಒಂದು ಕೋಣೆಯ ಮೇಲೆಯೇ 460 ಕಿಲೋಗ್ರಾಂ ನೀರು ನಿಲ್ಲುತ್ತದೆ. ಇತ್ತ ಗೋಡೆಯಲ್ಲಿ ಹುದುಗಿದ ತೊಲೆಯ ತುದಿಯನ್ನು ಥಂಡಿಯೂ ಗೆದ್ದಲೂ ಸದ್ದಿಲ್ಲದೆ ತಿನ್ನುತ್ತಿರುತ್ತವೆ.

ಆದುದರಿಂದ ಜೀರ್ಣೋದ್ಧಾರದ ಕ್ರಮ ಹೀಗಿರತಕ್ಕದ್ದು. ಕೆಲಸ ಬೇಸಗೆಯಲ್ಲಿ ಆಗಬೇಕು. ಮೊದಲು ತೊಲೆ ಜಂತಿಗಳಿಗೆ ಊರೆ ಕೊಟ್ಟು, ಬಲ್ಲ ಬಡಗಿಯಿಂದ ಅವನ್ನು ತಟ್ಟಿಸಿ, ಚುಚ್ಚಿಸಿ ನೋಡಬೇಕು. ಗಟ್ಟಿಮರ ಖಣಖಣಿಸುತ್ತದೆ, ಪೊಳ್ಳುಮರದ ದನಿ ಮಂದ. ಅನಂತರ ಹಳೆಯ ಮಣ್ಣನ್ನು ಒಂದೇ ಕಡೆ ರಾಶಿಹಾಕದೆ ಸಮನಾಗಿ ಇಳಿಸಬೇಕು. ಕೆಟ್ಟ ಮರವನ್ನು ಬದಲಿಸಿ, ಹಾಸನ್ನು ಸರಿಪಡಿಸಿ, ದೋಣಿಯ ಕಡೆಗೆ ಇಳಿಜಾರು ಕೊಟ್ಟು, ಮಣ್ಣನ್ನು ಪದರಪದರವಾಗಿ ಬಡಿದು ಕೂಡಿಸಬೇಕು. ಎಲ್ಲಕ್ಕಿಂತ ಮೇಲೆ ಸವಳು. ಮಳೆಗಾಲದಲ್ಲಿ ಮೊಳೆತ ಹುಲ್ಲನ್ನು ಬೇರುಸಹಿತ ಕೀಳಬೇಕು. ಬೇರು ಹೋದ ದಾರಿಯೇ ನೀರಿನ ದಾರಿ.

ಒಳ್ಳೆಯ ಮನಸ್ಸಿನಿಂದಲೇ ಹಲವರು ಮಾಡುವ ತಪ್ಪೊಂದಿದೆ. ಮಣ್ಣಿನ ಮಾಳಿಗೆಗೂ ಮಣ್ಣಿನ ಗೋಡೆಗೂ ಸಿಮೆಂಟು ಬಳಿದುಬಿಡುತ್ತಾರೆ. ಮಣ್ಣು ಥಂಡಿಯನ್ನು ಹೀರುತ್ತ, ಬಿಡುತ್ತ, ಹಿಗ್ಗುತ್ತ, ಕುಗ್ಗುತ್ತ ಇರುವ ವಸ್ತು. ಸಿಮೆಂಟು ಬಿರುಸಾದುದು, ಕೂದಲೆಳೆಯಂತೆ ಬಿರಿಯುವುದು. ಬಿರುಕಿನಿಂದ ಒಳಹೊಕ್ಕ ನೀರಿಗೆ ಆರಿಹೋಗಲು ದಾರಿಯಿಲ್ಲ. ಹೊರಗಡೆ ಎಲ್ಲವೂ ಅಚ್ಚುಕಟ್ಟು. ಒಳಗೆ ಗೋಡೆ ಮೆತ್ತಗಾಗುತ್ತಿರುತ್ತದೆ. ಮಣ್ಣಿನ ಬಿರುಕು ಕಣ್ಣಿಗೆ ಕಂಡು ಎಚ್ಚರಿಸುತ್ತಿತ್ತು; ಸಿಮೆಂಟು ಆ ಎಚ್ಚರಿಕೆಯನ್ನೇ ಮುಚ್ಚಿಹಾಕುತ್ತದೆ.

ಹಾಗೆಂದು ಕಾಂಕ್ರೀಟಿನ ಮನೆ ಕಟ್ಟಿದವರನ್ನು ನಾವು ಹಳಿಯುವಂತಿಲ್ಲ. ವರ್ಷ ವರ್ಷವೂ ಸವಳು ಹೊತ್ತು ಮಾಳಿಗೆ ಏರುವ ಕೈಗಳು ಮನೆಯಲ್ಲಿರಬೇಕು. ಮಕ್ಕಳು ದುಡಿಮೆಗೆ ಪರಸ್ಥಳ ಸೇರಿದ ಮುದಿಜೀವಗಳಿಗೆ ಅದು ಆಗದ ಮಾತು. ಬಾಗಲಕೋಟೆಯ ಕಥೆಯೇ ಬೇರೆ. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದಾಗಿ ಹಳೆಯ ಪಟ್ಟಣದ ತಗ್ಗಿನ ಭಾಗಗಳು ತೆರವಾಗಬೇಕಾಯಿತು. ವಾಸ್ತುಶಿಲ್ಪಿ ಚಾರ್ಲ್ಸ್ ಕೊರೆಯಾ ಅವರ ಯೋಜನೆಯ ನವನಗರ ಎದ್ದಿತು. ಅಲ್ಲಿ ಮನೆಗಳನ್ನು ತೊರೆದವರಿಗೆ ಉಳಿಸಿಕೊಳ್ಳುವ ಆಯ್ಕೆಯೇ ಇರಲಿಲ್ಲ. ಉಳಿದ ಊರುಗಳಲ್ಲಿ ಆ ಆಯ್ಕೆ ಇನ್ನೂ ಇದೆ. ತೊಲೆ ಕೊಳೆತು ಗೋಡೆ ಹೊಟ್ಟೆಬಿಟ್ಟ ಮನೆಯನ್ನು ಮಳೆ ಬರುವ ಮೊದಲೇ ತೆರವು ಮಾಡುವುದು ವಿವೇಕ. ಅದರಲ್ಲಿ ಅಭಿಮಾನಕ್ಕೆ ಎಡೆಯಿಲ್ಲ. ಮರ ಗಟ್ಟಿಯಾಗಿರುವ ಮನೆಯನ್ನು ಕೆಡಹುವ ಮೊದಲು ಮಾತ್ರ ಎರಡು ಬಾರಿ ಯೋಚಿಸಬೇಕು.

ಊರಿನಲ್ಲಿ ಯಾವ ದಿಬ್ಬದ ಸವಳು ಒಳ್ಳೆಯದು, ಮಣ್ಣನ್ನು ಎಷ್ಟು ಬಡಿಯಬೇಕು, ಎಂದು ಕೆರೆಯಬೇಕು ಎಂಬುದನ್ನು ಬಲ್ಲ ಹಿರಿಯರು ಇನ್ನೂ ಅಲ್ಲಲ್ಲಿ ಇದ್ದಾರೆ. ರಜೆಯಲ್ಲಿ ಊರಿಗೆ ಹೋದ ವಿದ್ಯಾರ್ಥಿಗಳು ಅವರನ್ನು ಕೇಳಿ ಬರೆದಿಟ್ಟುಕೊಳ್ಳಲಿ. ಬರುವಾಗ ಆ ದಿಬ್ಬದ ಹೆಂಟೆಯೊಂದನ್ನೂ ತರಲಿ. ಲೋಟದ ನೀರು ಮಬ್ಬಾದರೆ, ಅಜ್ಜ ಹೇಳಿದ್ದು ನಿಜವೆಂದು ಗೊತ್ತಾಗುತ್ತದೆ.