ದವಡೆ, ಹಲ್ಲು ಮತ್ತು ಕಿವಿಯ ಮೂಳೆಗಳು: ಬೆಳವಣಿಗೆ, ದೋಷಗಳು ಹಾಗೂ ಲಭ್ಯವಿರುವ ಸೇವೆಗಳು

ಪೀಠಿಕೆ

ಸೀಳುತುಟಿ, ಸೀಳು ಅಂಗುಳ ಅಥವಾ ಅತಿ ಚಿಕ್ಕ ಕೆಳದವಡೆಯೊಂದಿಗೆ ಮಗು ಜನಿಸಿದಾಗ ಪೋಷಕರ ಗಮನವೆಲ್ಲ ಸಹಜವಾಗಿಯೇ ಮಗುವಿನ ಮುಖದ ಮೇಲೆ ಇರುತ್ತದೆ. ಶಸ್ತ್ರಚಿಕಿತ್ಸೆ ಯಾವಾಗ, ಎಲ್ಲಿ, ವೆಚ್ಚ ಎಷ್ಟು ಎಂಬ ಪ್ರಶ್ನೆಗಳು ಮೊದಲು ಬರುತ್ತವೆ. ಆದರೆ ಇಂತಹ ಮಗುವಿಗೆ ಕಿವಿ ಕೇಳಿಸುತ್ತಿದೆಯೇ ಎಂದು ಪರೀಕ್ಷಿಸುವುದೂ ಅಷ್ಟೇ ಅವಶ್ಯಕ. ದವಡೆ ಮತ್ತು ಕಿವಿಯ ಮೂಳೆಗಳು ಗರ್ಭದಲ್ಲಿ ಒಂದೇ ಮೂಲದಿಂದ ರೂಪುಗೊಳ್ಳುವುದೇ ಇದಕ್ಕೆ ಕಾರಣ. ಬಳ್ಳಾರಿ ನಗರ, ಸಿರುಗುಪ್ಪ ಹಾಗೂ ಕುರುಗೋಡು ಭಾಗದ ಸಾರ್ವಜನಿಕರ ತಿಳುವಳಿಕೆಗಾಗಿ ಈ ವಿಷಯವನ್ನೂ, ಲಭ್ಯವಿರುವ ಸೇವೆಗಳ ವಿವರವನ್ನೂ ಕೆಳಗೆ ನೀಡಲಾಗಿದೆ.

1. ಬೆಳವಣಿಗೆ

ಗರ್ಭಧಾರಣೆಯ 4ನೇ ವಾರದ ಸುಮಾರಿಗೆ ಭ್ರೂಣದ ಕತ್ತಿನ ಭಾಗದಲ್ಲಿ ಕಮಾನಿನಾಕಾರದ ಉಬ್ಬುಗಳು ಕಾಣಿಸಿಕೊಳ್ಳುತ್ತವೆ. ಇವುಗಳಲ್ಲಿ ಮೊದಲನೆಯ ಕಮಾನಿನಿಂದ ಮೇಲಿನ ಹಾಗೂ ಕೆಳಗಿನ ದವಡೆಗಳು ಬೆಳೆಯುತ್ತವೆ. ಮಧ್ಯಕಿವಿಯಲ್ಲಿರುವ ಮೂರು ಸಣ್ಣ ಮೂಳೆಗಳ ಪೈಕಿ ಸುತ್ತಿಗೆ ಮತ್ತು ಅಡಿಗಲ್ಲು ಎಂಬ ಎರಡು ಮೂಳೆಗಳೂ ಮುಖ್ಯವಾಗಿ ಇದೇ ಕಮಾನಿನಿಂದ ಉಂಟಾಗುತ್ತವೆ. ರಿಕಾಪು ಎಂಬ ಮೂರನೆಯ ಮೂಳೆಯು ಎರಡನೆಯ ಕಮಾನಿನಿಂದ ಬರುತ್ತದೆ. ಸುಮಾರು 3 ಮಿಲಿಮೀಟರ್ ಉದ್ದದ ಈ ಮೂಳೆಯು ಮಾನವ ದೇಹದ ಅತ್ಯಂತ ಚಿಕ್ಕ ಮೂಳೆಯಾಗಿದೆ. ಕಿವಿತಮಟೆಯ ಕಂಪನವನ್ನು ಒಳಕಿವಿಗೆ ತಲುಪಿಸುವುದು ಈ ಮೂರು ಮೂಳೆಗಳ ಕಾರ್ಯ.

ಹಲ್ಲಿನ ಮೊಳಕೆಗಳು 6ನೇ ವಾರದಲ್ಲಿ ಆರಂಭವಾಗುತ್ತವೆ. ಮೇಲ್ದುಟಿಯು 7ನೇ ವಾರದ ವೇಳೆಗೆ ಹಾಗೂ ಅಂಗುಳವು 12ನೇ ವಾರದೊಳಗೆ ಕೂಡಿಕೊಳ್ಳುತ್ತವೆ. ಅಂದರೆ, ಅನೇಕ ಮಹಿಳೆಯರು ತಾಯಿ ಕಾರ್ಡಿಗೆ ಹೆಸರು ನೋಂದಾಯಿಸುವ ಮೊದಲೇ ಮಗುವಿನ ಮುಖದ ಬಹುಭಾಗ ರೂಪುಗೊಂಡಿರುತ್ತದೆ. ಆದ್ದರಿಂದ ಗರ್ಭಧಾರಣೆಗೆ ಯೋಜಿಸುತ್ತಿರುವವರು ಮುಂಚಿತವಾಗಿಯೇ ವೈದ್ಯರ ಸಲಹೆಯಂತೆ ಫೋಲಿಕ್ ಆಮ್ಲದ ಮಾತ್ರೆ ಸೇವಿಸುವುದು, ತಂಬಾಕಿನಿಂದ ದೂರವಿರುವುದು ಮತ್ತು ವೈದ್ಯರನ್ನು ಕೇಳದೆ ಯಾವುದೇ ಔಷಧಿ ಸೇವಿಸದಿರುವುದು ಸೂಕ್ತ.

2. ಪ್ರಮುಖ ದೋಷಗಳು

ಅ) ಸೀಳುತುಟಿ ಮತ್ತು ಸೀಳು ಅಂಗುಳ: ಅಂಗುಳದ ಸ್ನಾಯುಗಳು ಗಂಟಲಿನಿಂದ ಮಧ್ಯಕಿವಿಗೆ ಗಾಳಿ ಹೋಗುವ ನಾಳವನ್ನು ತೆರೆಯುವ ಕೆಲಸವನ್ನೂ ಮಾಡುತ್ತವೆ. ಅಂಗುಳ ಸೀಳಿದ್ದಲ್ಲಿ ನಾಳವು ಸರಿಯಾಗಿ ತೆರೆಯದೆ ಮಧ್ಯಕಿವಿಯಲ್ಲಿ ದ್ರವ ಸಂಗ್ರಹವಾಗುತ್ತದೆ. ನೋವಾಗಲಿ ಸೋರಿಕೆಯಾಗಲಿ ಇಲ್ಲದೆಯೇ ಮಗುವಿಗೆ ಮಾತು ಮಂದವಾಗಿ ಕೇಳಿಸತೊಡಗುತ್ತದೆ. ತುಟಿಯ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ 3ರಿಂದ 6 ತಿಂಗಳ ವಯಸ್ಸಿನಲ್ಲಿ, ಅಂಗುಳದ ಶಸ್ತ್ರಚಿಕಿತ್ಸೆಯನ್ನು 9ರಿಂದ 18 ತಿಂಗಳೊಳಗೆ ಮಾಡಲಾಗುತ್ತದೆ. ತುಟಿ ಸರಿಹೋಯಿತೆಂದು ಮುಂದಿನ ಭೇಟಿಗಳನ್ನು ನಿಲ್ಲಿಸಬಾರದು.

ಆ) ಚಿಕ್ಕ ದವಡೆ ಮತ್ತು ಅಪೂರ್ಣ ಕಿವಿ: ಕೆಳದವಡೆ ತೀರಾ ಚಿಕ್ಕದಾಗಿದ್ದರೆ ನಾಲಿಗೆ ಹಿಂದಕ್ಕೆ ಸರಿದು ಉಸಿರಾಟಕ್ಕೆ ಹಾಗೂ ಹಾಲು ಕುಡಿಯಲು ತೊಂದರೆಯಾಗಬಹುದು. ಇದಕ್ಕೆ ತಕ್ಷಣದ ಚಿಕಿತ್ಸೆ ಅಗತ್ಯ. ಮುಖದ ಒಂದು ಪಾರ್ಶ್ವ ಚಿಕ್ಕದಾಗಿರುವ ಅಥವಾ ಹೊರಕಿವಿ ಪೂರ್ಣವಾಗಿ ಬೆಳೆಯದ ಮಕ್ಕಳಲ್ಲಿ ಕಿವಿಯ ಮೂಳೆಗಳು ಒಂದಕ್ಕೊಂದು ಅಂಟಿಕೊಂಡಿರುವ ಸಾಧ್ಯತೆಯೂ ಇದೆ. ಇಂತಹ ಅನೇಕ ಮಕ್ಕಳಲ್ಲಿ ಒಳಕಿವಿ ಸರಿಯಾಗಿರುವುದರಿಂದ, ತಲೆಪಟ್ಟಿಯಲ್ಲಿ ಧರಿಸುವ, ಮೂಳೆಯ ಮೂಲಕ ಧ್ವನಿ ತಲುಪಿಸುವ ಶ್ರವಣ ಸಾಧನದಿಂದ ಪ್ರಯೋಜನ ದೊರೆಯುತ್ತದೆ.

ಇ) ಕಿವಿ ಸೋರುವಿಕೆ: ಬಹುಕಾಲ ಕಿವಿ ಸೋರಿದರೆ ಜನ್ಮತಃ ಸರಿಯಾಗಿದ್ದ ಮೂಳೆಗಳೂ ಸವೆದುಹೋಗುತ್ತವೆ. ಸೋರುವ ಕಿವಿಗೆ ಎಣ್ಣೆ ಅಥವಾ ಸೊಪ್ಪಿನ ರಸ ಹಾಕುವುದು ಅಪಾಯಕರ.

ಗ್ರಹಣ ಕಾಲದಲ್ಲಿ ಗರ್ಭಿಣಿಯು ಹೊರಗೆ ಬಂದದ್ದರಿಂದ ಅಥವಾ ಚಾಕು, ಕತ್ತರಿ ಮುಟ್ಟಿದ್ದರಿಂದ ತುಟಿ ಸೀಳುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಮಗುವಿನ ದೋಷಕ್ಕಾಗಿ ತಾಯಿಯನ್ನು ಹೊಣೆ ಮಾಡುವುದು ಸರಿಯಲ್ಲ. ರಕ್ತಸಂಬಂಧದಲ್ಲಿ ವಿವಾಹವಾದ ದಂಪತಿಗಳ ಮಕ್ಕಳಲ್ಲಿ ಅನುವಂಶಿಕ ಕಿವುಡುತನದ ಸಂಭವ ಹೆಚ್ಚಿರುವುದರಿಂದ ಅಂತಹವರು ಹೆರಿಗೆಯ ನಂತರ ಶ್ರವಣ ಪರೀಕ್ಷೆಯನ್ನು ತಪ್ಪಿಸಬಾರದು.

3. ಹಲ್ಲು ಮತ್ತು ಕುಡಿಯುವ ನೀರು

ಶಾಶ್ವತ ಹಲ್ಲುಗಳ ಹೊರಕವಚವು ಹುಟ್ಟಿನಿಂದ ಸುಮಾರು 8 ವರ್ಷದವರೆಗೆ ದವಡೆಯೊಳಗೇ ರೂಪುಗೊಳ್ಳುತ್ತದೆ. ಈ ಅವಧಿಯಲ್ಲಿ ಮಗು ಕುಡಿಯುವ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿದ್ದರೆ ಹಲ್ಲುಗಳ ಮೇಲೆ ಸುಣ್ಣದಂತಹ ಬಿಳಿ ಗೀರು ಅಥವಾ ಕಂದು ಕಲೆ ಉಳಿಯುತ್ತದೆ. ಹಲ್ಲುಜ್ಜುವುದರಿಂದ ಈ ಕಲೆ ಹೋಗುವುದಿಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಪ್ರಮಾಣವು ಲೀಟರಿಗೆ 1.0 ಮಿಲಿಗ್ರಾಂ ಮೀರದಿರುವುದು ಅಪೇಕ್ಷಣೀಯ. ಬೇರೆ ನೀರಿನ ಮೂಲವಿಲ್ಲದಿದ್ದಲ್ಲಿ ಗರಿಷ್ಠ ಮಿತಿ 1.5 ಮಿಲಿಗ್ರಾಂ.

ಬಳ್ಳಾರಿ ಜಿಲ್ಲೆಯ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಈ ಪ್ರಮಾಣ ಮಿತಿ ಮೀರಿರುವುದು ಕಂಡುಬಂದಿದೆ. ಫ್ಲೋರೈಡಿಗೆ ಬಣ್ಣ, ವಾಸನೆ ಇಲ್ಲ. ನೀರನ್ನು ಕುದಿಸುವುದರಿಂದ ಅದು ಹೋಗುವುದಿಲ್ಲ. ನೀರು ಆವಿಯಾದಂತೆ ಅದರ ಸಾಂದ್ರತೆ ಹೆಚ್ಚುತ್ತದೆ. ಒಂದೇ ಓಣಿಯ ಹಲವು ಮಕ್ಕಳಲ್ಲಿ ಕಲೆ ಕಂಡುಬಂದಲ್ಲಿ ಗ್ರಾಮ ಪಂಚಾಯಿತಿಗೆ ಲಿಖಿತ ಮನವಿ ನೀಡಿ ನೀರಿನ ಪರೀಕ್ಷೆ ಕೋರಬಹುದು.

4. ತಪಾಸಣೆ ಮತ್ತು ಚಿಕಿತ್ಸೆ

ಶ್ರವಣ ಪರೀಕ್ಷೆಗೆ ಸಂಬಂಧಿಸಿದಂತೆ ಮೂರು ಅವಧಿಗಳನ್ನು ನೆನಪಿನಲ್ಲಿಡಬೇಕು. 1 ತಿಂಗಳೊಳಗೆ ಪ್ರಾಥಮಿಕ ತಪಾಸಣೆ, 3 ತಿಂಗಳೊಳಗೆ ದೋಷದ ಖಚಿತತೆ, 6 ತಿಂಗಳೊಳಗೆ ಶ್ರವಣ ಸಾಧನ ಅಥವಾ ಚಿಕಿತ್ಸೆಯ ಆರಂಭ. ಮಗು ಮಾತು ಕಲಿಯುವುದು ಕೇಳಿಸಿಕೊಳ್ಳುವುದರಿಂದ. ಮಾತು ಬರಲಿಲ್ಲವೆಂದು ಮೂರನೇ ವರ್ಷದಲ್ಲಿ ಆಸ್ಪತ್ರೆಗೆ ಬಂದರೆ, ಅಷ್ಟರಲ್ಲಿ ಭಾಷೆ ಕಲಿಯುವ ಅಮೂಲ್ಯ ಅವಧಿ ಕಳೆದಿರುತ್ತದೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 18 ವರ್ಷದೊಳಗಿನ ಮಕ್ಕಳ ಆರೋಗ್ಯ ತಪಾಸಣೆ ನಡೆಸಲಾಗುತ್ತದೆ. ಸಂಚಾರಿ ವೈದ್ಯಕೀಯ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ 2 ಬಾರಿ ಹಾಗೂ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ 1 ಬಾರಿ ಭೇಟಿ ನೀಡುತ್ತವೆ. ಸೀಳುತುಟಿ, ಶ್ರವಣದೋಷ, ಕಿವಿ ಸೋರುವಿಕೆ ಮತ್ತು ದಂತ ಸಮಸ್ಯೆಗಳು ಈ ಕಾರ್ಯಕ್ರಮದಲ್ಲಿ ಸೇರಿವೆ. ಹೀಗೆ ಗುರುತಿಸಲಾದ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಸೇರಿದಂತೆ ಮುಂದಿನ ಚಿಕಿತ್ಸೆ ಉಚಿತವಾಗಿರುತ್ತದೆ.

ಸಿರುಗುಪ್ಪ ಮತ್ತು ಕುರುಗೋಡು ಭಾಗದವರು ಮೊದಲು ಸ್ಥಳೀಯ ಸರ್ಕಾರಿ ಆಸ್ಪತ್ರೆಯಲ್ಲಿ ಮಗುವನ್ನು ತೋರಿಸಿ, ಶಿಫಾರಸು ಪತ್ರ ಪಡೆದು ಬಳ್ಳಾರಿಗೆ ತೆರಳತಕ್ಕದ್ದು. ಜನರು ಇಂದಿಗೂ ವಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಾಗೂ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಬಳ್ಳಾರಿ ನಗರದಲ್ಲಿವೆ. ಮಾತು ಮತ್ತು ಶ್ರವಣದ ವಿಶೇಷ ಪರೀಕ್ಷೆ ಅಗತ್ಯವಿದ್ದಲ್ಲಿ, 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ಸಂಪರ್ಕಿಸಬಹುದು.

5. ಅಂಗವಿಕಲತೆಯ ಪ್ರಮಾಣಪತ್ರ

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು 21 ಬಗೆಯ ಅಂಗವಿಕಲತೆಗಳನ್ನು ಗುರುತಿಸಿದೆ. ಶ್ರವಣದೋಷ ಮತ್ತು ವಾಕ್ ಹಾಗೂ ಭಾಷಾ ದೋಷ ಇವುಗಳಲ್ಲಿ ಸೇರಿವೆ. ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬಲ್ ಶ್ರವಣ ನಷ್ಟವಿದ್ದಲ್ಲಿ ಮಂದಶ್ರವಣ ಎಂದೂ, 70 ಡೆಸಿಬಲ್ ನಷ್ಟವಿದ್ದಲ್ಲಿ ಕಿವುಡುತನ ಎಂದೂ ಪರಿಗಣಿಸಲಾಗುತ್ತದೆ. ಅನೇಕ ಸೌಲಭ್ಯಗಳಿಗೆ ಶೇಕಡ 40ಕ್ಕೆ ಕಡಿಮೆಯಿಲ್ಲದ ಅಂಗವಿಕಲತೆ ಇರಬೇಕಾಗುತ್ತದೆ. ಸುಧಾರಣೆಯ ಸಾಧ್ಯತೆ ಇರುವ ಮಕ್ಕಳಿಗೆ ನಿಗದಿತ ಅವಧಿಯ ತಾತ್ಕಾಲಿಕ ಪ್ರಮಾಣಪತ್ರ ನೀಡಲಾಗುತ್ತದೆ. ಅವಧಿ ಮುಗಿದ ನಂತರ ಮರುಪರೀಕ್ಷೆಗೆ ಹಾಜರಾಗತಕ್ಕದ್ದು.

ಅರ್ಜಿಯನ್ನು ಕೇಂದ್ರ ಸರ್ಕಾರದ ಸ್ವಾವಲಂಬನ್ ಜಾಲತಾಣದ ಮೂಲಕ ವಿಶಿಷ್ಟ ಗುರುತಿನ ಚೀಟಿಗಾಗಿ ಸಲ್ಲಿಸಬೇಕು. ಸಿದ್ಧವಿರಿಸಿಕೊಳ್ಳಬೇಕಾದ ದಾಖಲೆಗಳು:

- ಆಧಾರ್ ಅಥವಾ ಆಧಾರ್ ನೋಂದಣಿಯ ವಿವರ
- ವಿಳಾಸದ ದಾಖಲೆ
- ಇತ್ತೀಚಿನ ಭಾವಚಿತ್ರ
- ಚಿಕಿತ್ಸೆ ಹಾಗೂ ಶ್ರವಣ ಪರೀಕ್ಷೆಯ ವರದಿಗಳು

ಅರ್ಜಿ ಸಲ್ಲಿಸಲು ತಿಳಿಯದವರು ತಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಅಥವಾ ತಾಲ್ಲೂಕು ಪಂಚಾಯಿತಿಯ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು. ಪ್ರಮಾಣಪತ್ರ ನಿರಾಕರಣೆಯಾದಲ್ಲಿ ಅಧಿನಿಯಮದಡಿ ಮೇಲ್ಮನವಿಗೆ ಅವಕಾಶವಿದೆ.

ವಿಶೇಷ ಸೂಚನೆ

ಚಿಕಿತ್ಸೆ ಪಡೆಯಲು ಅಂಗವಿಕಲತೆಯ ಪ್ರಮಾಣಪತ್ರದ ಅವಶ್ಯಕತೆ ಇರುವುದಿಲ್ಲ. ಒಂದೇ ಕಿವಿಯ ದೋಷವಿದ್ದು ಪ್ರಮಾಣಪತ್ರಕ್ಕೆ ಅರ್ಹರಾಗದ ಮಕ್ಕಳಿಗೂ ಚಿಕಿತ್ಸೆ ದೊರೆಯುತ್ತದೆ. ಅರ್ಜಿ ಇತ್ಯರ್ಥವಾಗಲೆಂದು ಕಾದು ಮಗುವಿನ ಶ್ರವಣ ಪರೀಕ್ಷೆಯನ್ನು ಮುಂದೂಡಬಾರದು. ಕಚೇರಿಯ ಕಾಗದಪತ್ರ ತಡವಾದರೆ ಮುಂದೆ ಸರಿಪಡಿಸಿಕೊಳ್ಳಬಹುದು. ಮಗುವಿನ ಮೊದಲ ವರ್ಷವನ್ನು ಮರಳಿ ಪಡೆಯಲಾಗದು.