ಮುಂದಾಳುಗಳ ಮನೆಯ ದೀಪ

ಗೃಹಕೃತ್ಯದಲ್ಲಿ ಮಿತವ್ಯಯವನ್ನು ದೊಡ್ಡ ಗುಣವೆಂದು ನಮ್ಮ ಹಿರಿಯರು ಎಣಿಸಿದ್ದರು. ಎಣ್ಣೆಯ ದೀಪದ ಕಾಲದಲ್ಲಿ ಈ ಗುಣವನ್ನು ಯಾರೂ ಪ್ರತ್ಯೇಕವಾಗಿ ಕಲಿಸಬೇಕಾಗಿರಲಿಲ್ಲ. ಬುಡ್ಡಿಯಲ್ಲಿ ಎಣ್ಣೆ ಇಳಿಯುವುದು ಕಣ್ಣಿಗೆ ಕಾಣುತ್ತಲೇ ಇತ್ತು. ವಿದ್ಯುದ್ದೀಪ ಬಂದ ಮೇಲೆ ಖರ್ಚು ಕಣ್ಣಿಗೆ ಮರೆಯಾಯಿತು. ಈಗ ಅದು ಕಾಣುವುದು ತಿಂಗಳಿಗೊಮ್ಮೆ ಬರುವ ಬಿಲ್ಲಿನಲ್ಲಿ ಮಾತ್ರ. ಆ ಬಿಲ್ಲಿನ ಭಾರವೂ ತಟ್ಟದ ಮನೆಗಳು ದೇಶದಲ್ಲಿ ಕೆಲವಿವೆ. ಅವು ನಮ್ಮನ್ನು ಆಳುವವರ ಮನೆಗಳು. ಅವುಗಳ ದೀಪದ ಲೆಕ್ಕವನ್ನು ವಾಚಕರೊಡನೆ ಕುಳಿತು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ನಮ್ಮ ಮನೆಗಳ ಲೆಕ್ಕವನ್ನು ನೋಡೋಣ. ಕರ್ನಾಟಕ ಸರಕಾರವು 2023ರಲ್ಲಿ ಗೃಹಜ್ಯೋತಿ ಯೋಜನೆಯನ್ನು ಜಾರಿಗೆ ತಂದಿತು. ಒಂದು ಮನೆಯು ಹಿಂದಿನ ವರ್ಷದಲ್ಲಿ ಬಳಸಿದ ವಿದ್ಯುತ್ತಿನ ಸರಾಸರಿಗೆ ನೂರಕ್ಕೆ ಹತ್ತರಷ್ಟನ್ನು ಕೂಡಿಸಿ, ತಿಂಗಳಿಗೆ 200 ಯೂನಿಟ್ಟಿಗೆ ಮೀರದಂತೆ ಉಚಿತವಾಗಿ ಕೊಡುವುದು ಆರಂಭದಲ್ಲಿ ಅದರ ನಿಯಮವಾಗಿತ್ತು. 200ನ್ನು ದಾಟಿದರೆ ಆ ತಿಂಗಳ ಹಣವೆಲ್ಲ ಮನೆಯವರ ಮೇಲೆಯೇ ಬೀಳುತ್ತದೆ. ಆದುದರಿಂದ ಕೊಪ್ಪಳದ ಓಣಿಯಲ್ಲಾಗಲಿ, ಗಂಗಾವತಿಯ ಪೇಟೆಯಲ್ಲಾಗಲಿ, ಕುಷ್ಟಗಿ ಯಲಬುರ್ಗಾಗಳ ಹಳ್ಳಿಗಳಲ್ಲಾಗಲಿ ಗೃಹಿಣಿಯು ಮೀಟರಿನ ಮೇಲೆ ಒಂದು ಕಣ್ಣಿಡಬೇಕಾಗಿದೆ. ಉಚಿತವಾದರೂ ಅಳತೆಯುಳ್ಳ ಉಚಿತವಿದು.

ಇನ್ನು ದಿಲ್ಲಿಯ ಲೆಕ್ಕ. ಸಂಸತ್ತಿನ ಪ್ರತಿಯೊಬ್ಬ ಸದಸ್ಯನಿಗೂ ಅಲ್ಲಿಯ ನಿವಾಸಕ್ಕಾಗಿ ವರ್ಷಕ್ಕೆ 50,000 ಯೂನಿಟ್ಟು ವಿದ್ಯುತ್ತು ಉಚಿತವೆಂದು ನಿಯಮವಿದೆ. ಗೃಹಜ್ಯೋತಿಯ ಪರಮಾವಧಿಯು ವರ್ಷಕ್ಕೆ 2,400 ಯೂನಿಟ್ಟು. ಒಂದು ಇನ್ನೊಂದರ ಇಪ್ಪತ್ತು ಪಟ್ಟಿಗೂ ಮಿಗಿಲು. ಕೇಂದ್ರದ ಮಂತ್ರಿಗಳ ವಿಷಯದಲ್ಲಿ 1952ರ ಕಾಯಿದೆಯು ಇನ್ನೂ ಉದಾರವಾಗಿದೆ. ನಿವಾಸದ ನಿರ್ವಹಣೆಯ ಖರ್ಚು ಮಂತ್ರಿಯ ಮೇಲೆ ಬೀಳಕೂಡದೆಂದೂ, ಆ ನಿರ್ವಹಣೆಯಲ್ಲಿ ನೀರು ವಿದ್ಯುತ್ತುಗಳ ಪೂರೈಕೆಯೂ ಸೇರಿದೆಯೆಂದೂ ಅದು ಹೇಳುತ್ತದೆ.

ಇದು ಕೇವಲ ಹಣದ ಮಾತಲ್ಲ. ನಮ್ಮ ದೇಶದ ವಿದ್ಯುತ್ತಿನಲ್ಲಿ ಹೆಚ್ಚಿನ ಪಾಲು ಈಗಲೂ ಕಲ್ಲಿದ್ದಲಿನಿಂದ ಬರುತ್ತದೆ. ಎಲ್ಲ ಮೂಲಗಳನ್ನೂ ಕೂಡಿಸಿ ಸರಾಸರಿ ಹಿಡಿದರೆ, ಒಂದು ಯೂನಿಟ್ಟಿಗೆ ಸುಮಾರು 700 ಗ್ರಾಮು ಇಂಗಾಲಾಮ್ಲ ವಾಯು ಆಕಾಶವನ್ನು ಸೇರುತ್ತದೆ. 50,000 ಯೂನಿಟ್ಟನ್ನು ಪೂರ್ತಿ ಬಳಸಿದ ಮನೆಯ ಪಾಲಿಗೆ ವರ್ಷಕ್ಕೆ ಸುಮಾರು 35 ಟನ್ನು ಆಯಿತು. ದೀಪ ಉರಿಯುವುದು ಒಂದೆಡೆ, ಹೊಗೆಯೂ ಬೂದಿಯೂ ಬೀಳುವುದು ಮತ್ತೊಂದೆಡೆ. ನಮ್ಮ ನೆರೆಯ ಶಕ್ತಿನಗರ ಮತ್ತು ಕುಡಿತಿನಿಗಳ ಶಾಖೋತ್ಪನ್ನ ಕೇಂದ್ರಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಮ್ಮ ಸೀಮೆಯು ವಿದ್ಯುತ್ತನ್ನು ಬೇಡುವ ಸೀಮೆ ಮಾತ್ರವಲ್ಲ, ಕೊಡುವ ಸೀಮೆಯೂ ಹೌದು. ತುಂಗಭದ್ರೆಯ ಎಡದಂಡೆಯ ಮುನಿರಾಬಾದಿನಲ್ಲಿ ಜಲವಿದ್ಯುತ್ತು ಹುಟ್ಟುತ್ತದೆ. ಕುಷ್ಟಗಿ ಯಲಬುರ್ಗಾಗಳ ಬಯಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತವೆ. ಅದೇ ಬಯಲಿನ ರೈತನು ತನ್ನ ಕೊಳವೆಬಾವಿಯ ಪಂಪಿಗೆ ವಿದ್ಯುತ್ತಿನ ಸರದಿಯನ್ನು ಕಾಯುತ್ತಾನೆ. ಹೀಗಿರಲು, ಯಾರೂ ಇಲ್ಲದ ಕೋಣೆಯಲ್ಲಿ ತಂಪುಯಂತ್ರ ಓಡುವುದನ್ನು ಅವನು ಕೇಳಿದರೆ ಅವನ ಮನಸ್ಸಿಗೆ ಏನೆನಿಸೀತು?

ಇದಕ್ಕೆ ಆಕ್ಷೇಪವೂ ಉಂಟು. ಮುಂದಾಳುವಿನ ಮನೆಯು ಬರಿಯ ಮನೆಯಲ್ಲ, ಕಚೇರಿಯೂ ಹೌದು. ದಿನವಿಡೀ ಜನ ಬರುತ್ತಾರೆ, ಕಾವಲಿನವರು ಇರುತ್ತಾರೆ. ಅಲ್ಲದೆ ದೇಶದ ನೀತಿಯನ್ನು ತಿದ್ದಬಲ್ಲವನ ಮನೆಯ ನಾಲ್ಕು ದೀಪಗಳನ್ನು ಎಣಿಸುವುದು ಸಣ್ಣತನವೆಂದು ಕೆಲವರು ಹೇಳುವರು. ಮಾತಿನಲ್ಲಿ ಸತ್ಯವಿದೆ. ಕಚೇರಿಗೆ ಬೇರೆ ಮೀಟರು ಇಡಬಹುದು. ಆದರೆ ಎರಡನೆಯ ಮಾತಿಗೆ ಅಮೆರಿಕದ ಒಂದು ಪ್ರಸಂಗವೇ ಉತ್ತರ ಹೇಳುತ್ತದೆ. ಭೂಮಿಯು ಕಾಯುತ್ತಿರುವುದನ್ನು ಲೋಕಕ್ಕೆ ಸಾರಿದ ಆಲ್ ಗೋರ್ ಅವರ ನ್ಯಾಶ್‌ವಿಲ್ಲಿನ ಮನೆಯು 2006ರಲ್ಲಿ ಆ ದೇಶದ ಸಾಮಾನ್ಯ ಮನೆಯ ಇಪ್ಪತ್ತು ಪಟ್ಟು ವಿದ್ಯುತ್ತನ್ನು ಬಳಸಿತೆಂದು 2007ರಲ್ಲಿ ಅವರ ವಿರೋಧಿಗಳು ಪ್ರಕಟಿಸಿದರು. ಅವರು ಹೇಳಿದ ವಿಜ್ಞಾನವು ಅದರಿಂದ ಸುಳ್ಳಾಗಲಿಲ್ಲ. ಆದರೆ ಕೇಳುವವರ ಕಿವಿ ಮುಚ್ಚಿತು. ಅವರು ಮನೆಯ ಮೇಲೆ ಸೌರಫಲಕಗಳನ್ನು ಹಾಕಿಸಿ, ಮನೆಯನ್ನು ಸುಧಾರಿಸಿಕೊಂಡರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ನಮ್ಮ ಗಾದೆಯು ಎಲ್ಲ ದೇಶಕ್ಕೂ ಸಲ್ಲುವಂತೆ ತೋರುತ್ತದೆ.

ನಡೆದು ತೋರಿಸಿದವರೂ ನಮ್ಮಲ್ಲಿ ಇಲ್ಲದಿಲ್ಲ. 1965ರಲ್ಲಿ ಧಾನ್ಯದ ಕೊರತೆಯಾದಾಗ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ವಾರಕ್ಕೊಂದು ಹೊತ್ತಿನ ಊಟವನ್ನು ಬಿಡಿರೆಂದು ಜನರನ್ನು ಬೇಡಿದರು. ಅದಕ್ಕೆ ಮೊದಲು ತಮ್ಮ ಮನೆಯಲ್ಲಿಯೇ ಅದನ್ನು ಪರೀಕ್ಷಿಸಿದರೆಂದು ಅವರ ಮಗ ಹೇಳಿದ್ದಾರೆ. ಜನರು ಅವರ ಮಾತನ್ನು ನಡೆಸಿಕೊಟ್ಟುದರ ಗುಟ್ಟು ಇದೇ. ಇತ್ತೀಚೆಗೆ 2024ರಲ್ಲಿ ಅಸ್ಸಾಮಿನ ಮುಖ್ಯಮಂತ್ರಿ ಹಿಮಂತ ಬಿಸ್ವ ಶರ್ಮರು, ಜುಲೈ 1ರಿಂದ ತಾವೂ ಮುಖ್ಯ ಕಾರ್ಯದರ್ಶಿಯೂ ಮೊದಲುಗೊಂಡು ತಮ್ಮ ಮನೆಯ ವಿದ್ಯುತ್ತಿನ ಹಣವನ್ನು ತಾವೇ ತೆರುವುದಾಗಿ ಸಾರಿದರು. ಪಕ್ಷ ಯಾವುದೇ ಇರಲಿ, ಒಳ್ಳೆಯ ಮಾದರಿಯನ್ನು ಒಪ್ಪುವುದರಲ್ಲಿ ತಪ್ಪಿಲ್ಲ.

ನಾವು ಕೇಳಬೇಕಾದುದು ಹೆಚ್ಚೇನೂ ಅಲ್ಲ. ಮಂತ್ರಿಗಳ, ಸದಸ್ಯರ ನಿವಾಸಗಳ ಮೀಟರಿನ ಅಂಕಿಗಳನ್ನು ತಿಂಗಳಿಗೊಮ್ಮೆ ಜನರ ಮುಂದಿಡಲಿ. ಉಚಿತಕ್ಕೆ ಮನೆಯ ಅಗತ್ಯವನ್ನು ನೋಡಿ ಮಿತಿ ಇಡಲಿ. ಮಿಕ್ಕುದನ್ನು ಅವರವರೇ ತೆರಲಿ. ಛಾವಣಿಯ ಮೇಲೆ ಸೌರಫಲಕಗಳು ಬರಲಿ. 3 ಕಿಲೋವ್ಯಾಟಿನ ಸೌರಸಾಧನವು ಬಿಸಿಲುಳ್ಳ ನಮ್ಮ ನಾಡಿನಲ್ಲಿ ತಿಂಗಳಿಗೆ ಸುಮಾರು 300 ಯೂನಿಟ್ಟನ್ನು ಕೊಡಬಲ್ಲದು. 2024ರಲ್ಲಿ ಆರಂಭವಾದ ಸೂರ್ಯಘರ್ ಯೋಜನೆಯಲ್ಲಿ ಅದಕ್ಕೆ 78,000 ರೂಪಾಯಿಯ ಸಹಾಯಧನವನ್ನು ಸಾಮಾನ್ಯ ಕುಟುಂಬಗಳಿಗಾಗಿ ಗೊತ್ತುಮಾಡಲಾಯಿತು. ಮುಂದಾಳುಗಳು ಸ್ವಂತ ಹಣದಿಂದ ಹಾಕಿಸಿಕೊಂಡರೆ ಇನ್ನೂ ಶೋಭೆ.

2025ರ ಫೆಬ್ರವರಿ 24ರಂದು, ಊರ ಬಳಿಯ ಉಕ್ಕಿನ ಕಾರ್ಖಾನೆಯ ವಿಸ್ತರಣೆ ಬೇಡವೆಂದು ಕೊಪ್ಪಳದ ಜನರು ಅಂಗಡಿಗಳನ್ನು ಮುಚ್ಚಿ ಬೀದಿಗಿಳಿದರು. ಗಾಳಿಯು ಶುದ್ಧವಾಗಿರಬೇಕೆಂಬ ಅವರ ಬೇಡಿಕೆಯನ್ನು ಕೇಳಬೇಕಾದವರು ಆಳುವವರೇ. ಪರಿಸರವನ್ನು ಕಾಯುವ ಕಾನೂನಿಗೆ ಅಂಕಿತ ಹಾಕುವ ಕೈಯು, ತನ್ನ ಕೋಣೆಯಿಂದ ಹೊರಡುವಾಗ ದೀಪದ ಗುಂಡಿಯನ್ನು ಒತ್ತುವುದನ್ನೂ ಕಲಿಯಲಿ. ನಮ್ಮ ಗೃಹಿಣಿಯರು ಅದನ್ನು ದಿನವೂ ಮಾಡುತ್ತಿದ್ದಾರೆ.